ನಲವತ್ತು ಮಿಲಿ ಆಂಪಿಯರ್

ವಾರಿಜಕ್ಕ ನನ್ನ ಅಂಗಡಿಗೆ ಬಂದ ಬೆಳಿಗ್ಗೆ ನಾನು ಯಾರದೋ ಟ್ರಾಕ್ಟರಿನ ಡೈನಮೋ ಬಿಚ್ಚಿಕೊಂಡು ಕೂತಿದ್ದೆ. ಅವರು ನಡೆದೇ ಬಂದಿದ್ದರು. ನನ್ನ ಅಂಗಡಿಗೆ ಯಾರಾದರೂ ನಡೆದು ಬಂದರೆ ಅವರ ಗಾಡಿ ಎಲ್ಲೋ ನಿಂತಿದೆ ಎಂದೇ ಅರ್ಥ.

"ಓಬಳೇಶ, ಮತ್ತೆ ಡೌನಾಗಿದೆ ಕಣೋ," ಅಂದರು.

"ನಿನ್ನೆ ತಾನೆ ಹೊಸ ಬ್ಯಾಟರಿ ಹಾಕಿದ್ದೀನಲ್ಲಕ್ಕ."

"ಆ ಹೊಸದೇ ಸತ್ತಿರೋದು. ಹಳೇದನ್ನ ನಾನು ಎತ್ತಿಟ್ಟಿದ್ದೀನಾ?"

ವಾರಿಜಕ್ಕ ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುವವರು. ಅವರ ಗಂಡ ಶೇಷಾದ್ರಿ ಮೇಷ್ಟ್ರು ನನಗೆ ಡ್ರಾಯಿಂಗ್ ಕಲಿಸಿದವರು, ಅಥವಾ ಕಲಿಸಲು ನೋಡಿ ಕೈಬಿಟ್ಟವರು. ಕಾರು ಮೇಷ್ಟ್ರದ್ದು. ಹಳೆಯ ಬಿಳಿ ಕಾರು, ನಂಬರು ೪೧೧೭. ನಾಲ್ಕು ದಿನದಿಂದ ಅದು ಪ್ರತಿ ಬೆಳಿಗ್ಗೆ ಅಂಗಳದಲ್ಲಿ ಸತ್ತು ನಿಂತಿರುತ್ತಿತ್ತು. ಮೊದಲ ದಿನ ಬೀದಿಯವರು ತಳ್ಳಿದರು. ಎರಡನೆಯ ದಿನ ನಾನು ಹೋಗಿ ನನ್ನ ವ್ಯಾನಿನ ಬ್ಯಾಟರಿಯಿಂದ ಕರೆಂಟು ಕೊಟ್ಟು ಎಬ್ಬಿಸಿದೆ. ಮೂರನೆಯ ದಿನ ಹೊಸ ಬ್ಯಾಟರಿ ಹಾಕಿದೆ. ಇದು ನಾಲ್ಕನೆಯ ಬೆಳಿಗ್ಗೆ.

ಅವರು ತಲೆ ಬಗ್ಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಾಗ ಬೈತಲೆ ಕಂಡಿತು. ಬಣ್ಣ ಹಚ್ಚಿದ ಕಪ್ಪು ಕೂದಲಿನ ಬುಡದಲ್ಲಿ ಎರಡು ಇಂಚು ಬಿಳಿ. ಹೋದ ವಾರ ಅಂಗಡಿ ಮುಂದೆ ಹಾದುಹೋದಾಗ ಅದು ಇರಲಿಲ್ಲ. ನಾನು ಕೂದಲಿನ ಮೆಕ್ಯಾನಿಕ್ ಅಲ್ಲ, ಮೀಟರು ಎತ್ತಿಕೊಂಡೆ.

ನಮ್ಮ ಊರಲ್ಲಿ ಬೆಳಗು ಎಲ್ಲರಿಗೂ ಒಂದೇ ಹೊತ್ತಿಗೆ ಆಗುತ್ತದೆ. ರಾತ್ರಿ ಮಾತ್ರ ಒಂದೊಂದು ಕಾಂಪೌಂಡಿನೊಳಗೆ ಒಂದೊಂದು ಉದ್ದ. ನಮ್ಮ ಮನೆಯಲ್ಲಿ ಐದು ಗಂಟೆ. ಅವಳಿ ಮಕ್ಕಳು ಸರದಿಯ ಮೇಲೆ ಅಳುತ್ತವೆ, ದಿಂಬು ಬೆಚ್ಚಗಾಗುವ ಮೊದಲೇ ಕಿಟಕಿ ಬೆಳ್ಳಗಾಗಿರುತ್ತದೆ. ಎದುರು ಮನೆಯ ಪೋಸ್ಟ್‌ಮನ್‌ಗೆ ಒಂಬತ್ತು ಗಂಟೆ. ಅವನು ಮೈ ಮುರಿಯುತ್ತ ಹೊರಗೆ ಬರುವುದನ್ನು ಕಂಡರೆ ನನ್ನ ಹೆಂಡತಿ ಸುನಂದಾಗೆ ಹೊಟ್ಟೆ ಉರಿಯುತ್ತದೆ. ಪರೀಕ್ಷೆ ಹತ್ತಿರ ಬಂದರೆ ಕಾಲೇಜಿನವರು ಹದಿಮೂರು ಗಂಟೆಯ ಮನೆಗಳನ್ನು ಹುಡುಕಿ ಅಲ್ಲಿ ಕೋಣೆ ಹಿಡಿಯುತ್ತಾರೆ.

ದೀಪ ಹಚ್ಚುವ ಹೊತ್ತಿನಿಂದ ಬೆಳಗಾಗುವ ತನಕ ಯಾರೂ ತಮ್ಮ ಗೇಟು ದಾಟುವುದಿಲ್ಲ. ಪ್ರತಿ ಮನೆಯ ಹೊಸ್ತಿಲ ಪಕ್ಕ ಪುರಸಭೆ ಕೊಟ್ಟ ಒಂದು ಗಾಜಿನ ದೀಪ, ಅದರಲ್ಲಿ ಅಳತೆಯ ಎಣ್ಣೆ. ಬೆಳಿಗ್ಗೆ ಎಣ್ಣೆ ಗುಮಾಸ್ತ ತಿಪ್ಪೇಸ್ವಾಮಿಯವರು ಬಂದು, ಉಳಿದ ಎಣ್ಣೆಗೆ ಕಡ್ಡಿ ಅದ್ದಿ ನೋಡಿ, ಆ ಮನೆಯ ರಾತ್ರಿ ಎಷ್ಟಿತ್ತೆಂದು ಬರೆದುಕೊಳ್ಳುತ್ತಾರೆ. ಹದಿನಾರು ಗಂಟೆ ದಾಟಿದ ರಾತ್ರಿ ಪಕ್ಕದ ಮನೆಗೆ ಜಿನುಗಲು ಶುರುವಾಗುತ್ತದೆ. ಅಲ್ಲಿ ಹಾಲು ಒಡೆಯುತ್ತದೆ, ಕಾವಿಗೆ ಕೂತ ಕೋಳಿ ಎದ್ದು ಹೋಗುತ್ತದೆ. ಅಂಥ ರಾತ್ರಿಯ ಮನೆಯವರನ್ನು ಹಳೆಯ ಹತ್ತಿ ಮಿಲ್ಲಿನ ಹತ್ತಿರದ ಛತ್ರಕ್ಕೆ ಸಾಗಿಸಿ, ಮನೆಗೆ ಬೀಗ ಹಾಕುವುದು ನಿಯಮ. ಛತ್ರದಲ್ಲಿ ಒಂದೇ ಹಾಲಿನಲ್ಲಿ ಅರವತ್ತು ಮಂಚಗಳಿವೆ. ಒಬ್ಬರಲ್ಲ ಒಬ್ಬರು ಕೆಮ್ಮುತ್ತಲೇ ಇರುತ್ತಾರೆ. ಅಲ್ಲಿ ರಾತ್ರಿ ಐದು ಗಂಟೆಯ ಮೇಲೆ ಬೆಳೆದದ್ದೇ ಇಲ್ಲ.

ಕಾರು ನುಗ್ಗೆ ಮರದ ಕೆಳಗೆ ನಿಂತಿತ್ತು. ಹಿಂದಿನ ದಿನ ನಾನೇ ಒರೆಸಿದ್ದ ಬಾನೆಟ್ಟಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು. ಕಿಟಕಿಯ ಒಳಗಿನ ಮಂಚದಿಂದ ಮೇಷ್ಟ್ರ ದನಿ ಬಂತು.

"ಯಾರೋ ಅದು, ಆನೆಗೆ ಐದು ಕಾಲು ಬರೆದವನಾ?"

"ಐದನೇದು ಸೊಂಡಿಲು ಸಾ."

"ಸೊಂಡಿಲಿಗೆ ಉಗುರು ಇರಲ್ಲ ಕಣೋ."

ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ತನಕ ವಾರಿಜಕ್ಕ ಬಾಗಿಲಲ್ಲಿ ನಿಂತಿದ್ದರು.

ನಿಂತ ಗಾಡಿಯ ಬ್ಯಾಟರಿಯನ್ನು ರಾತ್ರಿ ಕುಡಿಯುವ ಕಳ್ಳನನ್ನು ಹಿಡಿಯಲು ನನ್ನ ಉಸ್ತಾದ್ ಇಮಾಮ್‌ಸಾಬರು ಕಲಿಸಿದ ಕ್ರಮ ಒಂದೇ. ಮೊದಲು ತುಂಬಿದ ಬ್ಯಾಟರಿ ಇಡು. ಎಲ್ಲ ಆರಿಸಿ, ಬಾಗಿಲು ಮುಚ್ಚಿ, ಚಾವಿ ದೂರ ಇಡು. ಮೈನಸ್ ಕಡೆಯ ವೈರು ಬಿಚ್ಚಿ, ಆ ವೈರಿಗೂ ಬ್ಯಾಟರಿಗೂ ನಡುವೆ ಮೀಟರು ಸೇರಿಸು. ಆಮೇಲೆ ಕೈ ಕಟ್ಟಿ ಕೂರು. ಗಾಡಿಗೂ ನಿದ್ದೆ ಹತ್ತಲು ಅರ್ಧ ಗಂಟೆ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಮೀಟರು ಇಟ್ಟ ಕೂಡಲೇ ಕಂಡ ಅಂಕಿಯನ್ನು ನಂಬಿ ಅರ್ಧ ವೈರಿಂಗು ಕಿತ್ತು ಹಾಕುತ್ತಾರೆ.

ಅರ್ಧ ಗಂಟೆ ಕಾದೆ. ಮೀಟರು ಇಳಿಯುತ್ತ ಇಳಿಯುತ್ತ ನಲವತ್ತು ಮಿಲಿ ಆಂಪಿಯರಿಗೆ ಬಂದು ನಿಂತಿತು. ಡ್ಯಾಶ್‌ಬೋರ್ಡಿನ ಗಡಿಯಾರ, ಸ್ಟೀರಿಯೋ, ಕಳ್ಳತನದ ಅಲಾರಂ, ಇವಿಷ್ಟೂ ಸೇರಿದರೆ ಅಷ್ಟಾಗುತ್ತದೆ. ಅದು ದೋಷವಲ್ಲ. ಆ ಲೆಕ್ಕದಲ್ಲಿ ಮೂರು ವಾರ ಮುಟ್ಟದೆ ಬಿಟ್ಟರೂ ಗಾಡಿ ಸ್ಟಾರ್ಟ್ ಆಗಬೇಕು. ಆದರೂ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಡಿಕ್ಕಿಯ ಬಲ್ಬು ತೆಗೆದೆ. ಡೈನಮೋದ ವೈರು ಬಿಡಿಸಿದೆ. ಎಲ್ಲಿಯೂ ಕಳ್ಳನಿಲ್ಲ.

ಕೈ ತೊಳೆಯಲು ಅಡುಗೆಮನೆಗೆ ಹೋದೆ. ಹಿಂದಿನ ದಿನ ಮಧ್ಯಾಹ್ನ ಬಜಾರಿನಲ್ಲಿ ನಾನೇ ಎತ್ತಿ ಡಿಕ್ಕಿಗೆ ಹಾಕಿಕೊಟ್ಟಿದ್ದ ಅಕ್ಕಿ ಮೂಟೆ ಖಾಲಿಯಾಗಿ, ಅಚ್ಚುಕಟ್ಟಾಗಿ ಮಡಿಸಿ ಇಟ್ಟಿತ್ತು. ಸೀಮೆಎಣ್ಣೆಯ ಎರಡು ಡಬ್ಬ ಬೋರಲು ಬಿದ್ದಿದ್ದವು. ಒಲೆಯ ಮೇಲಿನ ಗೋಡೆಯಲ್ಲಿ ಇದ್ದಿಲಿನ ಗೆರೆಗಳು, ಐದೈದರ ಕಟ್ಟು.

"ಗಾಡೀಲಿ ದೋಷ ಇಲ್ಲ ಅಕ್ಕ," ಅಂದೆ.

"ಮೆತ್ತಗೆ ಮಾತಾಡು." ಅವರು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. "ಡಾಕ್ಟ್ರು ಹನ್ನೆರಡು ರಾತ್ರಿ ಅಂದ್ರು."

ನಮ್ಮ ಊರಿನ ಡಾಕ್ಟರು ಕಾಯಿಲೆಯನ್ನು ರಾತ್ರಿಗಳಲ್ಲೇ ಹೇಳುತ್ತಾರೆ. ಒಂದು ಆಚೆ ಈಚೆ ಆದದ್ದು ನಾನು ಕೇಳಿಲ್ಲ.

"ನಾಲ್ಕು ಆಯ್ತು. ಎಂಟು ಉಳಿದಿದೆ," ಅಂದರು.

"ಒಂದೊಂದು ಎಷ್ಟು ಉದ್ದ ಇದೆ?"

"ಒಂದು ನಿದ್ದೆಗೆ ಒಂದು ಗೆರೆ ಎಳೀತೀನಿ. ನಲವತ್ತೊಂದು. ಒಂದ್ಸಲ ನಲವತ್ತೆರಡು. ಬೆಳಗಾದ್ಮೇಲೆ ಸುಣ್ಣ ಬಳೀತೀನಿ, ಇವತ್ತು ನಿನ್ನ ಹತ್ರ ಓಡಿ ಬಂದೆ, ಆಗಲಿಲ್ಲ."

ನಾನು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ನಲವತ್ತೊಂದು ದಿನ ಕತ್ತಲು. ಅಂಥವು ನಾಲ್ಕು.

"ಮೇಷ್ಟ್ರು ಹೇಗೆ ತಡ್ಕೋತಾರಕ್ಕ?"

"ನೋವಿರುತ್ತೆ. ನೋವಿದ್ರೂ ಇರ್ತಾರಲ್ಲ." ಆಮೇಲೆ ಲೆಕ್ಕ ಒಪ್ಪಿಸುವವರಂತೆ ಬಿಡದೆ ಹೇಳಿದರು. "ದೀಪಕ್ಕೆ ನಾನೇ ಎಣ್ಣೆ ಹಾಕ್ತೀನಿ, ಗಾಜಿನ ಮಸಿ ತೊಳೀತೀನಿ. ತಿಪ್ಪೇಸ್ವಾಮಿಗೆ ಅದು ಗೊತ್ತಾಗಿಲ್ಲ. ಗಾಡಿ ದಿನಾ ಸಾಯೋದು ಬೀದಿಗೆಲ್ಲ ಕಾಣುತ್ತಲ್ಲ. ಗಾಡೀದೇ ದೋಷ ಅಂತ ಮೆಕ್ಯಾನಿಕ್ ಕೈಲಿ ಬರೆಸಿ ತನ್ನಿ, ಇಲ್ದಿದ್ರೆ ದೀಪಕ್ಕೆ ಸೀಲು ಹಾಕ್ತೀನಿ ಅಂದಿದ್ದಾರೆ. ಗಾಡಿ ಇಲ್ದೇ ನನಗೆ ಆಗಲ್ಲ ಓಬಳೇಶ. ಒಂದು ಹಗಲಲ್ಲಿ ನಲವತ್ತು ದಿನದ ಅಕ್ಕಿ, ಸೀಮೆಎಣ್ಣೆ, ಔಷಧಿ ತರಬೇಕು. ಒಂದೇ ಅಂಗಡೀಲಿ ತಂದ್ರೆ ಅನುಮಾನ ಬರುತ್ತೆ. ಮೂರು ಊರು ಸುತ್ತುತೀನಿ. ಛತ್ರಕ್ಕೆ ಹಾಕಿದ್ರೆ ಎಂಟು ರಾತ್ರಿ ಅಂದ್ರೆ ಎಷ್ಟು, ನೀನೇ ಹೇಳು."

ನಲವತ್ತು ಗಂಟೆ.

ಸುಳ್ಳು ಚೀಟಿ ನಾನು ಅದುವರೆಗೆ ಬರೆದಿರಲಿಲ್ಲ. ಅದನ್ನು ನನ್ನ ಒಳ್ಳೆಯತನ ಎಂದುಕೊಂಡಿದ್ದೆ. ಯಾರೂ ಕೇಳಿರಲಿಲ್ಲ, ಅಷ್ಟೇ. 'ಡಿಕ್ಕಿ ಬಾಗಿಲಿನ ಬಟನ್ ಅಂಟಿಕೊಂಡು ರಾತ್ರಿಯಿಡೀ ಬಲ್ಬು ಉರಿಯುತ್ತಿತ್ತು. ಸರಿಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿದೆ. ಆಮೇಲೆ ಬ್ಯಾಟರಿಯ ಮೈನಸ್ ಕಡೆಗೆ ಒಂದು ತಿರುಗಿಸುವ ಸ್ವಿಚ್ಚು ಕೂರಿಸಿದೆ. ಹಿತ್ತಾಳೆಯದು, ಉಸ್ತಾದರ ಕಾಲದ್ದು. ಎಡಕ್ಕೆ ತಿರುಗಿಸಿದರೆ ಬ್ಯಾಟರಿಗೂ ಗಾಡಿಗೂ ಸಂಬಂಧವಿಲ್ಲ. ಗಡಿಯಾರ ಕೂಡ ನಿಲ್ಲುತ್ತದೆ.

"ಸಂಜೆ ಎಡಕ್ಕೆ, ಬೆಳಿಗ್ಗೆ ಬಲಕ್ಕೆ. ಮರೀಬೇಡಿ."

"ಮರೆಯೋಕೆ ನನಗೇನು ಬೇರೆ ಕೆಲಸ ಇದ್ಯಾ?" ಅಂದರು.

ಅಂಗಡಿಗೆ ವಾಪಸು ಬಂದು ಲೆಕ್ಕ ತಾಳೆ ನೋಡಿದೆ. ಉಸ್ತಾದರು ಕಾಗದವನ್ನು ನಂಬುತ್ತಿರಲಿಲ್ಲ, ಗ್ರೀಸು ಹತ್ತಿದರೆ ಓದಲಾಗುವುದಿಲ್ಲ ಎನ್ನುತ್ತಿದ್ದರು. ಅಂಗಡಿಯ ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಮೊದಲು ಗಾಡಿಯ ನಂಬರು, ಅದರ ಕೆಳಗೆ ಲೆಕ್ಕ. ಗಾಡಿ ಹತ್ತು ದಿನ ದೂರಿಲ್ಲದೆ ಓಡಿದ ಮೇಲೆ ಅಳಿಸುವುದು. ಅವರು ಹೋಗಿ ಆರು ವರ್ಷವಾದರೂ ನಾನು ಹಾಗೇ ಮಾಡುತ್ತೇನೆ. ೪೧೧೭ ಎಂದು ಬರೆದೆ. ಬ್ಯಾಟರಿಯಲ್ಲಿದ್ದದ್ದು ನಲವತ್ತು ಸಾವಿರ ಮಿಲಿ. ಗಂಟೆಗೆ ನಲವತ್ತರಂತೆ ಸಾವಿರ ಗಂಟೆ. ಇಪ್ಪತ್ನಾಲ್ಕರಿಂದ ಭಾಗಿಸಿದರೆ ನಲವತ್ತೊಂದು ದಿನ, ಚೂರು ಶೇಷ. ಗೋಡೆಯ ಗೆರೆಗಳೂ ಮೀಟರೂ ಒಂದೇ ಮಾತು ಹೇಳುತ್ತಿದ್ದವು. ಲೆಕ್ಕ ಸರಿ ಬಂದಾಗ ಆಗುವ ಸಣ್ಣ ಖುಷಿ ನನಗಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಮರುದಿನದಿಂದ ಕಾರು ಪ್ರತಿ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ವಾರಿಜಕ್ಕ ನನ್ನ ಅಂಗಡಿ ದಾಟುವಾಗ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಚೀಟಿ ನೋಡಿ ತಿಪ್ಪೇಸ್ವಾಮಿಯವರು ಸುಮ್ಮನಾಗಿದ್ದರು. ಐದನೆಯ ಬೆಳಿಗ್ಗೆ, ಆರನೆಯದು, ಏಳನೆಯದು. ಒಂದೊಂದು ಬೆಳಿಗ್ಗೆಯೂ ಅವರ ಬೈತಲೆಯ ಬಿಳಿ ಅರ್ಧ ಇಂಚು ಕೆಳಗಿಳಿದಿರುತ್ತಿತ್ತು. ಎಂಟನೆಯ ಬೆಳಿಗ್ಗೆ ಗಾಡಿ ನಿಲ್ಲಿಸಿ, ಡ್ರಾಯಿಂಗ್ ಪೆನ್ಸಿಲು ಎಲ್ಲಿ ಸಿಗುತ್ತದೆ ಎಂದು ಕೇಳಿದರು.

"ಕತ್ತಲಲ್ಲಿ ಮೇಷ್ಟ್ರು ಏನು ಬರೀತಾರಕ್ಕ?"

"ನನ್ನ ಮುಖ. ಮುನ್ನೂರು ಹಾಳೆ ಆಯ್ತು. ಒಂದೂ ನನ್ನ ಥರ ಇಲ್ಲ."

"ಮಾತಾಡ್ತಾರಾ?"

ಅವರು ಸ್ಟೀರಿಂಗಿನ ಧೂಳು ಒರೆಸಿದರು. "ಎಚ್ಚರ ಆದಾಗೆಲ್ಲ ಒಂದೇ ಮಾತು. ಬೆಳಗಾಯ್ತಾ ಅಂತಾರೆ. ಇನ್ನೂ ಇಲ್ಲ ರೀ, ಮಲಗಿ ಅಂತೀನಿ."

ಒಂಬತ್ತನೆಯ ದಿನ ಮಧ್ಯಾಹ್ನ ತಿಪ್ಪೇಸ್ವಾಮಿಯವರು ತಮ್ಮ ಸ್ಕೂಟರಿನ ಹಾರ್ನ್ ಕೂಗುತ್ತಿಲ್ಲವೆಂದು ಅಂಗಡಿಗೆ ಬಂದರು. ನಾನು ವೈರು ಸುಲಿಯುತ್ತಿದ್ದೆ. ಅವರು ಬಾಗಿಲ ಕಡೆ ನೋಡುತ್ತ ನಿಂತರು. ದಿನಕ್ಕೆ ಇನ್ನೂರು ಮನೆಯ ಎಣ್ಣೆ ಅಳೆದು ಗಂಟೆ ಮಾಡುವ ಮನುಷ್ಯ. ಭಾಗಾಕಾರ ಕಂಡರೆ ಅವರ ಕಣ್ಣು ತಾನಾಗಿ ಉತ್ತರದ ಕಡೆಗೆ ಇಳಿಯುತ್ತದೆ.

"೪೧೧೭ ಅಂದ್ರೆ ಮೇಷ್ಟ್ರ ಗಾಡಿ ಅಲ್ವೇನೋ?"

"ಹೌದು ಸಾ. ಆ ಡಿಕ್ಕಿ ಲೈಟಿಂದು..."

"ನಲವತ್ತೊಂದು ದಿನ ಅಂತ ಬರ್ದಿದ್ದೀಯಲ್ಲ. ಡಿಕ್ಕಿ ಲೈಟಿಗೆ ದಿನದ ಲೆಕ್ಕ ಯಾಕೆ?"

ಅವರು ಬಯ್ಯುತ್ತಾರೆಂದು ಕಾದೆ. ಅವರು ಅಂಗಡಿಯ ಬೆಂಚಿನ ಮೇಲೆ ಕೂತು ಟೋಪಿ ತೆಗೆದರು.

"ಇದನ್ನ ಯಾಕೋ ನನ್ನ ಕಣ್ಣಿಗೆ ಬೀಳಿಸಿದೆ? ಚೀಟಿ ಇತ್ತು. ಚೀಟಿ ಇದ್ದದ್ದಕ್ಕೆ ನಾನು ಸುಮ್ಮನಿದ್ದೆ."

"ಮೂರೇ ರಾತ್ರಿ ಸಾ. ಇನ್ನು ಮೂರೇ ಉಳಿದಿರೋದು."

"ಅವರ ಪಕ್ಕದ ಮನೇಲಿ ಬಾಣಂತಿ ಇದ್ದಾಳೆ, ನಿನಗೆ ಗೊತ್ತಾ? ಹುಟ್ಟಿ ಹತ್ತು ದಿನದ ಕೂಸಿಗೆ ಹಲ್ಲು ಬಂದಿದೆ. ಮೈಗೇನಾಗ್ತಿದೆ ಅಂತ ತಿಳೀದೆ ಆ ಹುಡುಗಿ ಅಳ್ತಾಳೆ. ನಾನು ದಿನಾ ಬೆಳಿಗ್ಗೆ ಅವಳ ಹೊಸ್ತಿಲಲ್ಲಿ ಕೂತು ಎಣ್ಣೆ ಅಳೀಬೇಕು." ಟೋಪಿ ಹಾಕಿಕೊಂಡರು. "ಹಾರ್ನ್ ಆಮೇಲೆ ಮಾಡು. ಸಂಜೆ ನೀನೂ ಬಾ. ಅವರ ಗಾಡೀಲೇ ಕರ್ಕೊಂಡು ಹೋಗೋಣ, ಮೇಷ್ಟ್ರನ್ನ ತಳ್ಳುಗಾಡೀಲಿ ಹಾಕೋಕೆ ನನಗೆ ಮನಸ್ಸಿಲ್ಲ."

ಅವರು ಹೋದ ಮೇಲೆ ಲೆಕ್ಕವನ್ನು ಅಳಿಸಿದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ತಗಡಿನ ಮೇಲೆ ಬಿಳಿ ಮಸುಕು ಹಾಗೇ ಉಳಿಯಿತು.

ಸಂಜೆ ನಾನು ಹೋಗುವಷ್ಟರಲ್ಲಿ ಪುರಸಭೆಯ ಇಬ್ಬರು ಜವಾನರು ಅಕ್ಕಿ ಮೂಟೆಗಳನ್ನು ಜಗಲಿಗೆ ತಂದಿಟ್ಟಿದ್ದರು. ಮೇಷ್ಟ್ರನ್ನು ಹಾಸಿಗೆ ಸಮೇತ ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ್ದರು. ವಾರಿಜಕ್ಕ ಅಂಗಳದ ನಡುವೆ ನಿಂತಿದ್ದರು. ಅಳುತ್ತಿರಲಿಲ್ಲ. ತಿಪ್ಪೇಸ್ವಾಮಿಯವರನ್ನು ಒಂದೇ ಪ್ರಶ್ನೆ ಕೇಳಿದರು.

"ಗಾಡಿ ಹೊರಡದಿದ್ರೆ?"

"ದೀಪದ ಹೊತ್ತಾಗ್ತಾ ಬಂತಮ್ಮ. ಹೊರಡದಿದ್ರೆ ನಾನೂ ನನ್ನ ಗೇಟಿನೊಳಗೆ ಸೇರ್ಕೋಬೇಕು. ಇನ್ನು ನಾಳೆ ಬೆಳಿಗ್ಗೇನೇ."

ವಾರಿಜಕ್ಕ ನನ್ನ ಕಡೆ ನೋಡಿದರು. ನನಗೆ ಅರ್ಥವಾಯಿತು. ದೀಪದ ಹೊತ್ತು ಹತ್ತಿರವಾದ್ದರಿಂದ ಸ್ವಿಚ್ಚನ್ನು ಅವರು ಆಗಲೇ ಎಡಕ್ಕೆ ತಿರುಗಿಸಿದ್ದರು. ನಾನು ಸೀಟಿನಲ್ಲಿ ಕೂತು ಚಾವಿ ತಿರುಗಿಸಿದರೆ ಸಾಕು, ಟಿಕ್ ಅಂತಲೂ ಸದ್ದು ಬರುವುದಿಲ್ಲ. ಬ್ಯಾಟರಿ ಡೌನ್ ಸಾ ಎನ್ನುತ್ತೇನೆ. ಗುಮಾಸ್ತರು ಜವಾನರನ್ನು ಕರೆದುಕೊಂಡು ಹೋಗುತ್ತಾರೆ. ಇವರಿಬ್ಬರಿಗೆ ಇನ್ನೊಂದು ರಾತ್ರಿ ಸಿಗುತ್ತದೆ, ನಲವತ್ತೊಂದು ದಿನ ಸಿಗುತ್ತದೆ. ಅಕ್ಕಿ ಜಗಲಿಯ ಮೇಲೇ ಇದೆ. ಹಾಗೇ ಮಾಡುವುದೆಂದು ನಿಶ್ಚಯಿಸಿದೆ.

ನೋಡುವವರಿಗೆ ನಂಬಿಕೆ ಬರಲೆಂದು ಮೊದಲು ಬಾನೆಟ್ ಎತ್ತಿದೆ. ಎಲ್ಲ ಪರೀಕ್ಷೆ ಮಾಡುವವನಂತೆ ಬಗ್ಗಿದೆ. ವೈರು ಮುಟ್ಟಿದೆ, ನೀರು ನೋಡಿದೆ, ಬಾನೆಟ್ ಮುಚ್ಚಿದೆ. ಒಳಗೆ ಕೂತು ಚಾವಿ ತಿರುಗಿಸಿದೆ.

ಕಾರು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು.

ಹದಿನಾಲ್ಕು ವರ್ಷದಿಂದ ಬಾನೆಟ್ ಎತ್ತಿದ ಕೂಡಲೇ ನನ್ನ ಕೈ ಬ್ಯಾಟರಿಯ ಟರ್ಮಿನಲ್ಲಿಗೆ ಹೋಗುತ್ತದೆ, ಸಡಿಲ ಇದ್ದದ್ದನ್ನು ಬಿಗಿ ಮಾಡುತ್ತದೆ. ಆ ಕೈ ನನ್ನನ್ನು ಕೇಳದೆ ಸ್ವಿಚ್ಚನ್ನು ಬಲಕ್ಕೆ ತಿರುಗಿಸಿತ್ತು. ಯಾವಾಗ ಎಂದು ನೆನಪು ಮಾಡಿಕೊಳ್ಳಲು ಇವತ್ತಿಗೂ ನೋಡುತ್ತೇನೆ. ಆಗುವುದಿಲ್ಲ. ಇಂಜಿನ್ನು ಸಣ್ಣಗೆ, ತಪ್ಪಿಲ್ಲದೆ ಓಡುತ್ತಿತ್ತು. ನಾನು ಎಂದೂ ಅಷ್ಟು ಒಳ್ಳೆಯ ರಿಪೇರಿ ಮಾಡಿರಲಿಲ್ಲ. ವಾರಿಜಕ್ಕ ಹಿಂದೆ ಹತ್ತಿ, ಮೇಷ್ಟ್ರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ತಿಪ್ಪೇಸ್ವಾಮಿಯವರು ಮನೆಗೆ ಬೀಗ ಹಾಕಿ ನನ್ನ ಪಕ್ಕ ಕೂತರು.

ಮಿಲ್ಲಿನ ರಸ್ತೆ ಪಶ್ಚಿಮಕ್ಕೆ ಹೋಗುತ್ತದೆ. ಇಳಿಯುವ ಸೂರ್ಯ ಗಾಜಿನೊಳಗೆ ನೇರ ಬೀಳುತ್ತಿದ್ದ.

"ನಿಧಾನ ಹೋಗೋ," ಮೇಷ್ಟ್ರು ಹಿಂದಿನಿಂದ ಹೇಳಿದರು. "ಬಿಸಿಲಿದೆ."

ಮೂರು ರಾತ್ರಿ, ಐದೈದು ಗಂಟೆ. ಒಟ್ಟು ಹದಿನೈದು.

ನಾಲ್ಕನೆಯ ದಿನ ಮಧ್ಯಾಹ್ನ ವಾರಿಜಕ್ಕ ನಡೆದುಕೊಂಡು ಅಂಗಡಿಗೆ ಬಂದರು. ಎಲ್ಲ ಮುಗಿದಿತ್ತು. ಹಿತ್ತಾಳೆಯ ಸ್ವಿಚ್ಚನ್ನು ತಾವೇ ಬಿಚ್ಚಿ ತಂದಿದ್ದರು, ಅದನ್ನು ನನ್ನ ಬೆಂಚಿನ ಮೇಲೆ ಇಟ್ಟರು.

"ತಗೊ. ಗಾಡಿಯನ್ನ ತಂಗಿ ಊರಿಗೆ ತಗೊಂಡು ಹೋಗ್ತೀನಿ. ಅಲ್ಲಿ ಇದು ಬೇಕಾಗಲ್ಲ."

"ಅಕ್ಕ, ಆವತ್ತು ನಾನು ಬೇಕು ಅಂತ..."

"ಕೊನೇ ದಿನ ಕಣ್ಣು ಬಿಟ್ರು. ಕಿಟಕಿ ಬೆಳ್ಳಗಾಗಿತ್ತು. ಬೆಳಗಾಯ್ತಲ್ಲ ವಾರಿಜಾ ಅಂದ್ರು. ನಗ್ತಾ ಇದ್ರು." ನನ್ನ ಮುಖವನ್ನು ಓದುವವರಂತೆ ನೋಡಿದರು. "ನಿನಗೆ ಈಗ ಸಮಾಧಾನ ಆಯ್ತಾ?"

ಉತ್ತರಕ್ಕೆ ಕಾಯದೆ ಹೋದರು. ಬೈತಲೆಯ ಬಿಳಿ ಕಿವಿಯ ತನಕ ಇಳಿದಿತ್ತು. ಒಂಬತ್ತು ರಾತ್ರಿಗಳಲ್ಲಿ ಒಂದು ವರ್ಷ ಬದುಕಿ ಮುಗಿಸಿದವರು, ಇನ್ನು ಬರೀ ದಿನಗಳನ್ನು ಕಳೆಯಬೇಕಿತ್ತು.

ಆ ವಾರ ನಮ್ಮ ಮನೆಯ ರಾತ್ರಿ ಏಳು ಗಂಟೆಯಾಯಿತು. ಮುಂದಿನ ವಾರ ಹತ್ತು. ಸುನಂದಾ ಹಿಗ್ಗಿದಳು, ಮಕ್ಕಳು ಹುಟ್ಟಿದ ಮೇಲೆ ಇದೇ ಮೊದಲು ಕನಸು ಬೀಳೋಷ್ಟು ನಿದ್ದೆ ಮಾಡಿದೆ ಕಣ್ರೀ, ಅಂದಳು. ಈಗ ಅವಳು ಹಾಗೆ ಹೇಳುವುದಿಲ್ಲ. ಮಕ್ಕಳು ಅತ್ತು, ದಣಿದು, ಮಲಗಿ, ಎದ್ದು, ಆಡಿ, ಮತ್ತೆ ಮಲಗಿದರೂ ಕಿಟಕಿ ಕಪ್ಪಾಗಿಯೇ ಇರುತ್ತದೆ. ನಾನು ಅಂಗೈಯನ್ನು ಮುಖದ ಮುಂದೆ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಲಕ್ಕೆ ತಿರುಗಿಸಿ ನೋಡುತ್ತ ಮಲಗಿರುತ್ತೇನೆ.

ಇವತ್ತು ಬೆಳಿಗ್ಗೆ ನನ್ನ ವ್ಯಾನು ಸ್ಟಾರ್ಟ್ ಆಗಲಿಲ್ಲ. ಮೀಟರು ತರಲಿಲ್ಲ, ಯಾವ ಬಾಗಿಲ ಮೇಲೂ ಬರೆಯಲಿಲ್ಲ. ಅಂಗಡಿಗೆ ಓಡಿ ಹೋಗಿ ತುಂಬಿದ ಬ್ಯಾಟರಿ ಹೊತ್ತು ತಂದು ಕೂರಿಸಿ, ಅದರ ಮೈನಸ್ ಕಡೆಗೆ ವಾರಿಜಕ್ಕನ ಹಿತ್ತಾಳೆಯ ಸ್ವಿಚ್ಚು ಹಾಕಿದೆ. ಆಮೇಲೆ ಹೊಸ್ತಿಲಿಗೆ ಬಂದು ಆರಿಹೋದ ದೀಪಕ್ಕೆ ನಮ್ಮ ಅಡುಗೆಯ ಎಣ್ಣೆ ಸುರಿದು ಹಚ್ಚಿ, ಗಾಜು ತೊಳೆದು ಮತ್ತೆ ಕೂರಿಸಿದೆ. ಸುನಂದಾ ಒಂದು ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ನೋಡುತ್ತಿದ್ದಳು.

ತಿಪ್ಪೇಸ್ವಾಮಿಯವರು ಬಂದು ಕೂತರು. ಕಡ್ಡಿ ಅದ್ದಿದರು. ಅಳತೆ ಸರಿಯಿತ್ತು. ಗಾಜಿನಿಂದ ಒಂದು ಹನಿ ನೀರು ಅವರ ಬೆರಳಿನ ಮೇಲೆ ಬಿತ್ತು. ಅವರು ಬೆರಳನ್ನು ನೋಡಿದರು, ನನ್ನನ್ನು ನೋಡಿದರು, ಅಂಗಳದಲ್ಲಿ ನಿಂತ ವ್ಯಾನನ್ನು ನೋಡಿದರು.

"ಗಾಡಿ ಹೇಗಿದೆ ಓಬಳೇಶ?"

"ಚೆನ್ನಾಗಿದೆ ಸಾ," ಅಂದೆ. "ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ."